ಬಾಗಿದ ಅಂಚಿಗೆ ಬಾಗಿದ ಅಂಚು ಕೂಡಿಸುವುದು ಹೇಗೆ?

ರವಿಕೆಗೆ ತೋಳು ಕೂರಿಸಿ ಅಭ್ಯಾಸವಿರುವವರು ಕೂಡ ಕ್ವಿಲ್ಟಿನ, ಅಂದರೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಹೊದಿಕೆಯ, ಬಾಗಿದ ತುಂಡುಗಳನ್ನು ಕಂಡರೆ ಹಿಂಜರಿಯುತ್ತಾರೆ. ಸಮಸ್ಯೆ ಎರಡು ಕಡೆಯೂ ಒಂದೇ. ತೋಳಿನ ಮೇಲ್ತುದಿ ಗುಡ್ಡದಂತೆ ಉಬ್ಬಿರುತ್ತದೆ, ಅದು ಕೂರುವ ಆರ್ಮ್‌ಹೋಲ್ ಒಳಕ್ಕೆ ಕೊರೆದಿರುತ್ತದೆ. ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟು ನೋಡಿದರೆ ಎರಡೂ ಎಲ್ಲಿಯೂ ಕೂಡುವುದಿಲ್ಲ. ಹೊಲಿದ ಮೇಲೆ ಮಾತ್ರ ಸರಿಯಾಗಿ ಕೂರುತ್ತವೆ. ತೋಳಿನಲ್ಲಿ ಒಂದೆರಡು ನೂಲು ಹೆಚ್ಚುಕಡಿಮೆಯಾದರೆ ಮೈಮೇಲೆ ಹೇಗೋ ಮರೆಯಾಗಿಬಿಡುತ್ತದೆ. ಕ್ವಿಲ್ಟು ಹಾಸಿಗೆಯ ಮೇಲೆ ಚಪ್ಪಟೆಯಾಗಿ ಬಿದ್ದಿರಬೇಕಾದ್ದು, ಅಲ್ಲಿ ಸಣ್ಣ ಸುಕ್ಕೂ ಎದ್ದು ಕಾಣುತ್ತದೆ. ಕಷ್ಟ ಇರುವುದು ಅಲ್ಲಿ. ಕೈಚಳಕಕ್ಕಿಂತ ಮೊದಲು ಅರ್ಥವಾಗಬೇಕಾದ್ದು, ಆ ಎರಡು ಅಂಚುಗಳು ಯಾಕೆ ಕೂಡುವುದಿಲ್ಲ ಎಂಬ ಲೆಕ್ಕ. ಅದು ತಿಳಿದರೆ ಪಿನ್ನು ಎಲ್ಲಿ ಚುಚ್ಚಬೇಕು, ಯಾವ ತುಂಡು ಮೇಲಿರಬೇಕು, ಇಸ್ತ್ರಿ ಯಾವ ಕಡೆಗೆ ಒತ್ತಬೇಕು ಎಂಬುದೆಲ್ಲ ತಾನಾಗಿಯೇ ಹೊಳೆಯುತ್ತದೆ.

ಉದಾಹರಣೆಗೆ ಒಂದೇ ವಿನ್ಯಾಸ ಹಿಡಿಯೋಣ. ಅಮೆರಿಕದ ಹಳೆಯ ಕ್ವಿಲ್ಟುಗಳಲ್ಲಿ ‘ಡ್ರಂಕರ್ಡ್ಸ್ ಪಾಥ್’ ಎಂಬ ಬ್ಲಾಕ್ ಇದೆ, ಕುಡುಕನ ಹಾದಿ ಎಂದರ್ಥ. ಬ್ಲಾಕ್ ಎಂದರೆ ಒಂದರ ಪಕ್ಕ ಒಂದು ಜೋಡಿಸಿ ಕ್ವಿಲ್ಟು ಮಾಡುವ ಚೌಕ. ಅದರಲ್ಲಿ ಎರಡೇ ತುಂಡು. ಚಪಾತಿಯನ್ನು ನಾಲ್ಕು ಮಾಡಿದಾಗ ಸಿಗುವ ಕಾಲುಭಾಗದಂಥದ್ದು ಒಂದು. ಚೌಕದ ಮೂಲೆಯಿಂದ ಅದೇ ಆಕಾರವನ್ನು ಕೊರೆದು ತೆಗೆದಾಗ ಉಳಿಯುವುದು ಇನ್ನೊಂದು. ಈ ಬ್ಲಾಕುಗಳನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸಿ ಜೋಡಿಸುತ್ತಾ ಹೋದರೆ ಹಾದಿಯೊಂದು ಕ್ವಿಲ್ಟಿನ ಉದ್ದಕ್ಕೂ ತೂರಾಡುತ್ತಾ ಸಾಗುತ್ತದೆ. 1874ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಮಹಿಳೆಯರು ಕಟ್ಟಿದ ವುಮನ್ಸ್ ಕ್ರಿಶ್ಚಿಯನ್ ಟೆಂಪರೆನ್ಸ್ ಯೂನಿಯನ್ ಎಂಬ ಪಾನವಿರೋಧಿ ಸಂಘಟನೆಯ ಜೊತೆ ಈ ವಿನ್ಯಾಸವನ್ನು ಸೇರಿಸಿ ಹೇಳುವ ರೂಢಿಯಿದೆ. ಇತಿಹಾಸ ಹಾಗಿರಲಿ, ಒಂದೇ ಬಾಗು, ಒಂದೇ ಹೊಲಿಗೆ ಇರುವುದರಿಂದ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಬ್ಲಾಕ್ ನನಗೆ ಕಂಡಿಲ್ಲ.

ಶಾಲೆಯಲ್ಲಿ ಪೀನ ಮಸೂರ, ನಿಮ್ನ ಮಸೂರ ಎಂದು ಓದಿದ್ದೇವಲ್ಲ, ಈ ಎರಡು ತುಂಡುಗಳೂ ಹಾಗೆಯೇ. ಮಾತಿನ ಅನುಕೂಲಕ್ಕೆ ಚಪಾತಿಯ ಕಾಲುಭಾಗವನ್ನು ಉಬ್ಬು ತುಂಡು ಎಂದೂ, ಕೊರೆದು ಉಳಿದದ್ದನ್ನು ತಗ್ಗು ತುಂಡು ಎಂದೂ ಕರೆಯುತ್ತೇನೆ.

ಈಗ ಲೆಕ್ಕ. ಹೊಲಿಗೆ ಬೀಳುವ ಗೆರೆಯ ತ್ರಿಜ್ಯ 3 ಇಂಚು ಎಂದುಕೊಳ್ಳಿ. ಕಾಲು ವೃತ್ತದ ಉದ್ದ ಸುಮಾರು 4.71 ಇಂಚು. ಈ ಗೆರೆ ಎರಡೂ ತುಂಡಿನಲ್ಲಿ ಒಂದೇ ಉದ್ದ. ಆದರೆ ನಾವು ಕತ್ತರಿಸುವುದು ಗೆರೆಯ ಮೇಲಲ್ಲ. ಕ್ವಿಲ್ಟಿನಲ್ಲಿ ಗೆರೆಯಿಂದಾಚೆ ಕಾಲು ಇಂಚು ಹೆಚ್ಚಿನ ಬಟ್ಟೆ, ಅಂದರೆ ಮಾರ್ಜಿನ್, ಬಿಟ್ಟು ಕತ್ತರಿಸುವುದು ವಾಡಿಕೆ. ಉಬ್ಬು ತುಂಡಿನ ಮಾರ್ಜಿನ್ ಗೆರೆಯಿಂದ ಹೊರಕ್ಕೆ ಚಾಚುತ್ತದೆ, ಆದ್ದರಿಂದ ಅದರ ಅಂಚಿನ ತ್ರಿಜ್ಯ 3.25 ಇಂಚು, ಉದ್ದ ಸುಮಾರು 5.10. ತಗ್ಗು ತುಂಡಿನ ಮಾರ್ಜಿನ್ ಒಳಕ್ಕೆ ಚಾಚುತ್ತದೆ, ಅಲ್ಲಿ ತ್ರಿಜ್ಯ 2.75, ಉದ್ದ 4.32. ಒಂದೇ ಹೊಲಿಗೆಯಲ್ಲಿ ಸೇರಬೇಕಾದ ಎರಡು ಅಂಚುಗಳ ನಡುವೆ ಮುಕ್ಕಾಲು ಇಂಚಿಗೂ ತುಸು ಹೆಚ್ಚು ವ್ಯತ್ಯಾಸ! ಕಣ್ಣಿಗೆ ಕಾಣುವುದು ಅಂಚು. ಅದನ್ನು ನೋಡಿ “ಇದು ಅಳತೆ ತಪ್ಪಿದೆ” ಅನ್ನಿಸುತ್ತದೆ. ಅಳತೆ ತಪ್ಪಿಲ್ಲ. ಸಮನಾಗಿರುವುದು ಅಂಚಲ್ಲ, ಕಣ್ಣಿಗೆ ಕಾಣದೆ ಕಾಲು ಇಂಚು ಒಳಗೆ ಅಡಗಿರುವ ಹೊಲಿಗೆಯ ಗೆರೆ.

ಇನ್ನೊಂದು ಸಂಗತಿ ಇದೇ ಲೆಕ್ಕದಿಂದ ಹೊರಬರುತ್ತದೆ. ಈ ಮುಕ್ಕಾಲು ಇಂಚಿನ ವ್ಯತ್ಯಾಸ ವೃತ್ತ ದೊಡ್ಡದಿರಲಿ ಚಿಕ್ಕದಿರಲಿ ಬದಲಾಗುವುದೇ ಇಲ್ಲ, ಯಾಕೆಂದರೆ ಅದು ಹುಟ್ಟುವುದು ಮಾರ್ಜಿನ್ನಿನಿಂದ. ತ್ರಿಜ್ಯ 6 ಇಂಚಾದರೆ ಹೊಲಿಗೆಯ ಗೆರೆ ಒಂಬತ್ತೂವರೆ ಇಂಚಿನ ಹತ್ತಿರ, ವ್ಯತ್ಯಾಸ ಅದರ ಹನ್ನೆರಡರಲ್ಲಿ ಒಂದು ಪಾಲು. ಬಟ್ಟೆ ಅಷ್ಟನ್ನು ಸುಲಭವಾಗಿ ನುಂಗಿಕೊಳ್ಳುತ್ತದೆ. 3 ಇಂಚಿಗೆ ಆರರಲ್ಲಿ ಒಂದು. ಒಂದೂವರೆ ಇಂಚಿಗೆ ಇಳಿದರೆ ಮೂರರಲ್ಲಿ ಒಂದು. ಚಿಕ್ಕ ಬಾಗು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ, ಕಾರಣ ಇದು. ಹಾಗಾಗಿ ಮೊದಲ ಬ್ಲಾಕನ್ನು ದೊಡ್ಡದಾಗಿಯೇ ಕತ್ತರಿಸಿ. ಬಟ್ಟೆ ಉಳಿಸುವ ಆಸೆಗೆ ಚಿಕ್ಕದರಲ್ಲಿ ಕಲಿಯಲು ಹೊರಟರೆ ಕಲಿಕೆ ಅಲ್ಲಿಗೇ ನಿಂತುಹೋಗುತ್ತದೆ.

ನೇರ ಹೊಲಿಗೆಯಲ್ಲಿ ಮಾರ್ಜಿನ್ ಒಂದಿಷ್ಟು ಹೆಚ್ಚುಕಡಿಮೆಯಾದರೆ ಬ್ಲಾಕ್ ಒಂದಿಷ್ಟು ದೊಡ್ಡದೋ ಚಿಕ್ಕದೋ ಆಗುತ್ತದೆ, ಅಷ್ಟೇ. ಬಾಗಿನಲ್ಲಿ ಹಾಗಲ್ಲ. ಅಂಚಿನಿಂದ ಕಾಲು ಇಂಚಿಗಿಂತ ಹೆಚ್ಚು ಒಳಗೆ ಹೊಲಿದರೆ ಉಬ್ಬು ತುಂಡಿನ ಗೆರೆ ಗಿಡ್ಡವಾಗುತ್ತದೆ, ಅದೇ ಹೊಲಿಗೆ ತಗ್ಗು ತುಂಡಿನ ಗೆರೆಯನ್ನು ಉದ್ದ ಮಾಡುತ್ತದೆ. ಎರಡೂ ಒಮ್ಮೆಲೇ ವಿರುದ್ಧ ದಿಕ್ಕಿಗೆ ಸರಿಯುವುದರಿಂದ ತಪ್ಪು ದುಪ್ಪಟ್ಟಾಗುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಒಳಗೆ ಹೋದರೂ ಕಾಲು ವೃತ್ತದಲ್ಲಿ ಎರಡು ಗೆರೆಗಳ ನಡುವೆ ಇಂಚಿನ ಐದನೇ ಒಂದು ಭಾಗದಷ್ಟು ಅಂತರ ಬೀಳುತ್ತದೆ. ಆಗ ಹೊರಗಿನ ತಗ್ಗು ತುಂಡು ಸಡಿಲವಾಗಿ ಅಲೆಅಲೆಯಾಗುತ್ತದೆ. ತದ್ವಿರುದ್ಧವಾಗಿ ತೀರ ಅಂಚಿಗೆ ಹೊಲಿದರೆ ಉಬ್ಬು ತುಂಡು ಬಟ್ಟಲು ಬೋರಲು ಹಾಕಿದಂತೆ ಮೇಲೇಳುತ್ತದೆ. ಬ್ಲಾಕ್ ಕೆಟ್ಟಾಗ ಅದನ್ನು ಮೇಜಿನ ಮೇಲೆ ಹಾಸಿ, ಸಡಿಲವಾಗಿರುವುದು ಒಳಗಿನದೋ ಹೊರಗಿನದೋ ನೋಡಿ. ಮಾರ್ಜಿನ್ ಯಾವ ಕಡೆಗೆ ಜಾರಿದೆ ಎಂದು ಬ್ಲಾಕೇ ಹೇಳುತ್ತದೆ.

ಇನ್ನು ಬಟ್ಟೆಯ ಗುಣ. ಹಾಸು ಮತ್ತು ಹೊಕ್ಕು, ಅಂದರೆ ಉದ್ದ ನೂಲು ಮತ್ತು ಅಡ್ಡ ನೂಲು, ಈ ಎರಡು ದಿಕ್ಕಿನಲ್ಲಿ ಎಳೆದರೆ ಹತ್ತಿ ಬಟ್ಟೆ ಹೆಚ್ಚೇನೂ ಜಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ, ಅಂದರೆ ನಮ್ಮ ಟೇಲರುಗಳು ಕ್ರಾಸ್ ಎನ್ನುವ 45 ಡಿಗ್ರಿಯ ದಿಕ್ಕಿಗೆ ಎಳೆದರೆ ರಬ್ಬರಿನಂತೆ ಜಗ್ಗುತ್ತದೆ. ರವಿಕೆಯ ಕುತ್ತಿಗೆಗೆ ಪಟ್ಟಿಯನ್ನು ಕ್ರಾಸಿನಲ್ಲೇ ಕತ್ತರಿಸುವುದು ಇದಕ್ಕಾಗಿ, ಗುಂಡಗಿನ ಅಂಚಿಗೆ ಅದು ಮಾತ್ರ ಹೊಂದಿಕೊಳ್ಳುತ್ತದೆ. ಡ್ರಂಕರ್ಡ್ಸ್ ಪಾಥ್ ತುಂಡುಗಳ ನೇರ ಬದಿಗಳನ್ನು ಹಾಸು ಹೊಕ್ಕುಗಳ ಜಾಡಿನಲ್ಲೇ ಇಟ್ಟು ಕತ್ತರಿಸಿದರೆ ಬಾಗಿನ ನಡುಭಾಗ ಸರಿಯಾಗಿ ಕ್ರಾಸಿಗೆ ಬರುತ್ತದೆ, ಎರಡು ತುದಿಗಳು ಗಟ್ಟಿ ದಿಕ್ಕಿಗೆ ಬರುತ್ತವೆ. ಜಗ್ಗಬೇಕಾದ ಕಡೆ ಜಗ್ಗುತ್ತದೆ, ಬ್ಲಾಕಿನ ಹೊರ ಅಂಚು ಮಾತ್ರ ಅಳ್ಳಾಡುವುದಿಲ್ಲ.

ಜಗ್ಗುವ ಗುಣವೇ ಕತ್ತರಿಸುವಾಗ ಶತ್ರುವಾಗುತ್ತದೆ. ಕತ್ತರಿ ಹಾಕುವ ಮೊದಲೇ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಳ್ಳಿ. ಅಂಗಡಿಯ ಸ್ಪ್ರೇ ಬೇಕೆಂದಿಲ್ಲ, ಸೋಸಿದ ತೆಳು ಅಕ್ಕಿಗಂಜಿ ಸಾಕು. ತುಂಡು ಕಾಗದದಂತೆ ನಿಲ್ಲುತ್ತದೆ, ಕೈಯಲ್ಲಿ ಹಿಡಿದಾಗ ಬಾಗು ಹಿಗ್ಗುವುದಿಲ್ಲ. ಕ್ವಿಲ್ಟು ಮುಗಿದ ಮೇಲೆ ಒಗೆದರೆ ಗಂಜಿ ಹೋಗುತ್ತದೆ. ಈ ಒಂದು ಕೆಲಸ ಮಾಡಿದರೆ ಮುಂದಿನ ಅರ್ಧ ಕಷ್ಟ ಹರಿದಂತೆ, ಇದನ್ನು ದಯವಿಟ್ಟು ಬಿಡಬೇಡಿ.

ತುಂಡುಗಳನ್ನು ಕತ್ತರಿಸಲು ರಟ್ಟಿನ ಅಚ್ಚು ಮಾಡಿಕೊಳ್ಳುವಾಗ ಹಲವರು ಎಡವುವ ಜಾಗವೊಂದಿದೆ. ಉಬ್ಬು ತುಂಡಿಗೆ ಕೈವಾರದ ಮೊನೆಯನ್ನು ರಟ್ಟಿನ ಮೂಲೆಯಲ್ಲೇ ಊರಿ 3.25 ಇಂಚಿನ ಕಾಲುವೃತ್ತ ಎಳೆದರೆ ನೇರ ಬದಿಗಳಿಗೆ ಮಾರ್ಜಿನ್ನೇ ಉಳಿಯುವುದಿಲ್ಲ. ಮೊನೆಯನ್ನು ಎರಡೂ ಬದಿಯಿಂದ ಕಾಲು ಇಂಚು ಒಳಗೆ ಊರಬೇಕು. ತಗ್ಗು ತುಂಡಿಗೂ ಅದೇ ಎಚ್ಚರ. ರಟ್ಟಿನ ಬದಲು ಹಳೆಯ ಎಕ್ಸ್‌ರೇ ಹಾಳೆ ಸಿಕ್ಕರೆ ಇನ್ನೂ ಒಳ್ಳೆಯದು, ಅಂಚು ಸವೆಯುವುದಿಲ್ಲ. ಕತ್ತರಿಸಲು ಕತ್ತರಿ ಸಾಕು. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ತಂದ ಚಕ್ರದಂಥ ರೋಟರಿ ಕಟರ್ ಇರುವವರು ಬಾಗಿಗೆ 45 ಮಿಲಿಮೀಟರಿನ ದೊಡ್ಡ ಅಲಗಿಗಿಂತ 28ರದ್ದನ್ನು ಬಳಸಲಿ, ಅದು ತಿರುವಿನಲ್ಲಿ ಚೆನ್ನಾಗಿ ಹೊರಳುತ್ತದೆ. ಅಳತೆ ಕರಾರುವಾಕ್ಕಾಗಿ ಬರುತ್ತದೆಂಬ ಧೈರ್ಯವಿಲ್ಲದವರು ತಗ್ಗು ತುಂಡಿನ ಹೊರಬದಿಗಳನ್ನು ಅರ್ಧ ಇಂಚು ಹೆಚ್ಚೇ ಇಟ್ಟುಕೊಂಡು, ಹೊಲಿದಾದ ಮೇಲೆ ಸ್ಕೇಲು ಇಟ್ಟು ಚೌಕ ಮಾಡಿಕೊಳ್ಳಬಹುದು. ನಾನು ಈಗಲೂ ಹೀಗೇ ಮಾಡುವುದು. ಚೌಕ ಮಾಡುವಾಗ ಬಾಗಿನ ಎರಡು ತುದಿಗಳೂ ಮೂಲೆಯಿಂದ ಒಂದೇ ದೂರದಲ್ಲಿ ಇರುವಂತೆ ನೋಡಿಕೊಂಡರೆ ಪಕ್ಕದ ಬ್ಲಾಕಿನ ಹಾದಿಗೆ ಇದರ ಹಾದಿ ತುಂಡಾಗದೆ ಸೇರುತ್ತದೆ.

ಹೊಲಿಯುವ ಮುನ್ನ ನಡು ಗುರುತಿಸಬೇಕು. ಉಬ್ಬು ತುಂಡನ್ನು ಸೀದಾ ಬದಿ ಹೊರಗಿರುವಂತೆ ಅರ್ಧಕ್ಕೆ ಮಡಚಿ ಬಾಗಿನ ಮೇಲೆ ಉಗುರಿನಿಂದ ಒತ್ತಿ. ತಗ್ಗು ತುಂಡನ್ನು ಸೀದಾ ಬದಿ ಒಳಗಿರುವಂತೆ ಮಡಚಿ ಒತ್ತಿ. ಹೀಗೆ ಮಾಡಿದರೆ ಎರಡನ್ನೂ ಸೀದಾ ಬದಿಗಳು ಮುಖಾಮುಖಿಯಾಗುವಂತೆ ಇಟ್ಟಾಗ ಒಂದರ ಮಡಿಕೆ ಇನ್ನೊಂದರ ಮಡಿಕೆಯೊಳಗೆ ತಾನಾಗಿ ಕೂರುತ್ತದೆ. ಮೊದಲ ಪಿನ್ನು ಅಲ್ಲಿಗೆ. ಎರಡನೆಯದು, ಮೂರನೆಯದು ಎರಡು ತುದಿಗಳಿಗೆ, ನೇರ ಬದಿಗಳು ಚಾಚೂತಪ್ಪದೆ ಒಂದರ ಮೇಲೊಂದು ಬರುವಂತೆ. ಆಮೇಲೆ ನಡುವಿನ ಜಾಗಗಳಿಗೆ. ಪಿನ್ನು ತೆಳ್ಳಗಿರಲಿ, ಗೆರೆಗೆ ಅಡ್ಡವಾಗಿರಲಿ, ಎರಡು ಮೂರು ನೂಲನ್ನಷ್ಟೇ ಕಚ್ಚಲಿ. ಹೆಚ್ಚು ಬಟ್ಟೆ ಕಚ್ಚಿದ ಪಿನ್ನು ಬಾಗನ್ನು ಅಲ್ಲಿ ನೇರ ಮಾಡಿಬಿಡುತ್ತದೆ. ಈ ಹಂತದಲ್ಲಿ ಮಾರ್ಜಿನ್ನಿನ ಅಂಚು ಝಾಲರಿಯಂತೆ ಸುಕ್ಕುಸುಕ್ಕಾಗಿ ಕಾಣುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ. ಸುಕ್ಕು ಅಂಚಿನಲ್ಲಿರಬಹುದು, ಕಾಲು ಇಂಚು ಒಳಗೆ ಗೆರೆಯ ಮೇಲೆ ಇರಬಾರದು.

ಪಿನ್ನಿನ ಬದಲು ಮಕ್ಕಳು ಶಾಲೆಗೆ ಒಯ್ಯುವ, ನೀರಿನಲ್ಲಿ ಕರಗುವ ಅಂಟುಕಡ್ಡಿಯನ್ನು ಮಾರ್ಜಿನ್ನಿಗಷ್ಟೇ ತೆಳ್ಳಗೆ ಸವರಿ ಕೂಡಿಸುವವರೂ ಇದ್ದಾರೆ. ಚಿಕ್ಕ ಬಾಗುಗಳಿಗೆ ಇದು ನಿಜಕ್ಕೂ ಒಳ್ಳೆಯ ಉಪಾಯ. ಪಿನ್ನನ್ನೇ ಬಳಸದೆ, ಎಡಗೈಯಲ್ಲಿ ಒಂದು ತುಂಡು ಬಲಗೈಯಲ್ಲಿ ಒಂದು ಹಿಡಿದು ಒಂದೊಂದು ಇಂಚು ಕೂಡಿಸುತ್ತಾ ಹೊಲಿಯುವ ಪದ್ಧತಿಯೂ ಉಂಟು, ಕೈ ಪಳಗಿದ ಮೇಲೆ ಅದು ವೇಗದ ದಾರಿ.

ಯಾವುದು ಮೇಲೆ, ಯಾವುದು ಕೆಳಗೆ? ತಗ್ಗು ತುಂಡು ಮೇಲೆ. ಮಿಷನ್ನಿನ ಕೆಳಗಿನ ಹಲ್ಲುಗಳು ತಮಗೆ ತಾಗಿದ ಬಟ್ಟೆಯನ್ನು ಮುಂದಕ್ಕೆ ಎಳೆಯುತ್ತವೆ, ಮೇಲಿನಿಂದ ಒತ್ತುವ ಫೂಟು ತನಗೆ ತಾಗಿದ್ದನ್ನು ಸ್ವಲ್ಪ ತಡೆಯುತ್ತದೆ. ಇದರಿಂದ ಕೆಳಗಿನದು ಕುಗ್ಗಿಕೊಳ್ಳುತ್ತದೆ, ಮೇಲಿನದು ಹಿಗ್ಗುತ್ತದೆ. ನಮ್ಮ ಲೆಕ್ಕದಲ್ಲಿ ಅಂಚು ಉದ್ದವಿದ್ದು ಕುಗ್ಗಿಕೊಳ್ಳಬೇಕಾದ್ದು ಉಬ್ಬು, ಗಿಡ್ಡವಿದ್ದು ಹಿಗ್ಗಬೇಕಾದ್ದು ತಗ್ಗು. ಮಿಷನ್ನು ನಮ್ಮ ಪರವಾಗಿ ಕೆಲಸ ಮಾಡಲಿ. ಜೊತೆಗೆ, ಸುಕ್ಕುಗಟ್ಟುವ ಅಪಾಯ ತಗ್ಗು ತುಂಡಿನದೇ ಹೆಚ್ಚು, ಅದು ಕಣ್ಣೆದುರಿಗಿದ್ದರೆ ಬೆರಳಿನಿಂದ ಸವರಿ ಸರಿಪಡಿಸಬಹುದು.

ಹೊಲಿಗೆಯ ಉದ್ದವನ್ನು 2 ಮಿಲಿಮೀಟರಿಗೆ ಇಳಿಸಿ, ಇಂಚಿಗೆ ಹನ್ನೆರಡು ಹದಿಮೂರು ಹೊಲಿಗೆಯಂತೆ. ಉದ್ದ ಹೊಲಿಗೆ ಬಾಗನ್ನು ಮೂಲೆಮೂಲೆಯಾಗಿ ಮಾಡುತ್ತದೆ. ನಿಧಾನಕ್ಕೆ ತುಳಿಯಿರಿ. ಬಟ್ಟೆಯನ್ನು ಮುಂದಕ್ಕೆ ತಳ್ಳಬೇಡಿ, ಹಿಂದಿನಿಂದ ಎಳೆಯಬೇಡಿ. ಸೂಜಿಯ ಮುಂದಿನ ಅರ್ಧ ಇಂಚಿನಲ್ಲಿ ಎರಡು ಅಂಚುಗಳು ಕೂಡಿವೆಯೇ ಎಂದಷ್ಟೇ ನೋಡಿ, ಪೂರ್ತಿ ಬಾಗನ್ನು ಒಮ್ಮೆಲೇ ನೋಡಿದರೆ ಧೈರ್ಯ ಕುಂದುತ್ತದೆ. ಸುಕ್ಕು ಬರುತ್ತಿದೆ ಅನ್ನಿಸಿದರೆ ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ ನಿಲ್ಲಿಸಿ, ಫೂಟು ಎತ್ತಿ, ಮೇಲಿನ ಬಟ್ಟೆಯನ್ನು ಗೆರೆಯಿಂದ ಎಡಕ್ಕೆ ಸವರಿ, ಫೂಟು ಇಳಿಸಿ ಮುಂದುವರಿಯಿರಿ. ಕೊನೆಯ ಅರ್ಧ ಇಂಚಿನಲ್ಲಿ ತುಂಡುಗಳು ಜಾರುವುದು ಬಹಳ ಸಾಮಾನ್ಯ, ಅಲ್ಲಿ ಪಿನ್ನನ್ನು ಕೊನೇ ಗಳಿಗೆಯವರೆಗೂ ತೆಗೆಯಬೇಡಿ. ನಿರಿಗೆ ಬಿದ್ದೇ ಬಿಟ್ಟರೆ ಇಡೀ ಹೊಲಿಗೆ ಬಿಚ್ಚುವ ಅಗತ್ಯವಿಲ್ಲ. ಅದರ ಆಚೀಚೆ ಒಂದೊಂದು ಇಂಚು ಬಿಚ್ಚಿ, ಸವರಿ, ಮತ್ತೆ ಹೊಲಿದರೆ ಸಾಕು.

ತಗ್ಗು ಅಂಚಿಗೆ ಕತ್ತರಿಯ ಸಣ್ಣ ಕಚ್ಚು ಹಾಕಬೇಕೇ? ಉಡುಪಿನ ಹೊಲಿಗೆ ಕಲಿತವರು ಕೂಡಲೇ ಹೌದೆನ್ನುತ್ತಾರೆ. ಕ್ವಿಲ್ಟಿನ ಮಾರ್ಜಿನ್ ಕಾಲೇ ಇಂಚು. ಗಂಜಿ ಹಾಕಿ, ನಡುಭಾಗ ಕ್ರಾಸಿಗೆ ಬರುವಂತೆ ಕತ್ತರಿಸಿದ 3 ಇಂಚಿನ ಬಾಗಿಗೆ ಕಚ್ಚು ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ, ಬಟ್ಟೆ ತಾನೇ ಹಿಗ್ಗುತ್ತದೆ. ತೀರ ಬಿಗಿಯಾದ ಬಾಗಿಗೆ ಹಾಕಲೇಬೇಕಾದರೆ ಮಾರ್ಜಿನ್ನಿನ ಅರ್ಧಕ್ಕಿಂತ ಒಳಗೆ ಕತ್ತರಿ ಹೋಗಬಾರದು. ಉಬ್ಬು ತುಂಡಿಗಂತೂ ಕಚ್ಚಿನ ಪ್ರಶ್ನೆಯೇ ಇಲ್ಲ.

ಇಸ್ತ್ರಿಯನ್ನು ಉಜ್ಜಬೇಡಿ, ಎತ್ತಿ ಎತ್ತಿ ಒತ್ತಿ. ಉಜ್ಜಿದರೆ ಕ್ರಾಸಿನ ಭಾಗ ಜಗ್ಗಿಹೋಗುತ್ತದೆ. ಮಾರ್ಜಿನ್ ಯಾವ ಕಡೆಗೆ ಮಲಗಬೇಕು ಎಂಬುದಕ್ಕೂ ಮೊದಲಿನ ಲೆಕ್ಕವೇ ಉತ್ತರ. ಎರಡೂ ಮಾರ್ಜಿನ್ನನ್ನು ಉಬ್ಬಿನ ಕಡೆಗೆ ಮಡಚಿದರೆ ಉಬ್ಬು ತುಂಡಿನ ಉದ್ದ ಅಂಚು ಒಳಗಿನ ಇಕ್ಕಟ್ಟಿನ ಜಾಗಕ್ಕೆ ಬಂದು ಮುದುರಿಕೊಳ್ಳುತ್ತದೆ. ತಗ್ಗಿನ ಕಡೆಗೆ ಮಡಚಿದರೆ ಆ ಅಂಚು ತನ್ನ ಸಹಜ ಜಾಗದಲ್ಲೇ ಚಪ್ಪಟೆಯಾಗಿ ಉಳಿಯುತ್ತದೆ, ತಗ್ಗು ತುಂಡಿನ ಗಿಡ್ಡ ಅಂಚು ಸ್ವಲ್ಪ ಹಿಗ್ಗಬೇಕಾಗುತ್ತದೆ. ಮುದುರುವುದಕ್ಕಿಂತ ಹಿಗ್ಗುವುದು ಬಟ್ಟೆಗೆ ಸುಲಭ. ಆದ್ದರಿಂದ ತಗ್ಗಿನ ಕಡೆಗೆ ಒತ್ತುವುದು ನನ್ನ ರೂಢಿ. ಆದರೆ ಮಾರ್ಜಿನ್ ಯಾವ ಕಡೆ ಮಲಗುತ್ತದೋ ಆ ತುಂಡು ಕೂದಲೆಳೆಯಷ್ಟು ಎತ್ತರ ಕಾಣುತ್ತದೆ. ವೃತ್ತವೇ ಎದ್ದು ಕಾಣಲಿ ಎನ್ನುವವರು ಉಬ್ಬಿನ ಕಡೆಗೆ ಒತ್ತಿಕೊಂಡರೂ ತಪ್ಪಿಲ್ಲ.

ನಮ್ಮ ಕೌದಿ ಹೊಲಿಯುವವರಿಗೆ ಈ ತಾಪತ್ರಯವೇ ಬರುವುದಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳ ಅಂಚನ್ನು ಒಳಕ್ಕೆ ಮಡಚಿ ನೇರವಾಗಿ ತಳದ ಬಟ್ಟೆಯ ಮೇಲಿಟ್ಟು, ಒಂದು ಮೂಲೆಯಿಂದ ಶುರುಮಾಡಿ ಅಂಚಿನುದ್ದಕ್ಕೂ ಸುತ್ತುತ್ತಾ ನಡುವಿನ ಕಡೆಗೆ ಹೊಲಿದುಕೊಂಡು ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಪದರಪದರವಾಗಿ ಮಡಚಿದ ತ್ರಿಕೋನದ ‘ಫೂಲ’ ಕೂರಿಸುತ್ತಾರೆ. ತುಂಡಿಗೆ ತುಂಡನ್ನು ಒಳಗಿನಿಂದ ಜೋಡಿಸುವ ಪ್ರಶ್ನೆಯೇ ಅಲ್ಲಿಲ್ಲ, ಒಂದರ ಮೇಲೊಂದು ಕೂರುತ್ತದೆ. ಬಾಗಿನ ಸಮಸ್ಯೆಗೆ ಇದೂ ಒಂದು ನಿಜವಾದ ಪರಿಹಾರ. ಪೂರ್ತಿ ವೃತ್ತ ಬೇಕಾದಾಗ ಒಳಗಿನಿಂದ ಹೊಲಿಯಲು ಹೋಗದೆ ಮೇಲೆ ಕೂರಿಸುವುದೇ ಜಾಣತನ. ರಟ್ಟಿನಲ್ಲಿ ವೃತ್ತ ಕತ್ತರಿಸಿಕೊಳ್ಳಿ, ಬಟ್ಟೆಯನ್ನು ಅದಕ್ಕಿಂತ ಕಾಲು ಇಂಚು ದೊಡ್ಡದಾಗಿ ಕತ್ತರಿಸಿ. ಬಟ್ಟೆಯ ಅಂಚಿನ ಸುತ್ತ ಕಚ್ಚಾ ಹೊಲಿಗೆ ಹಾಕಿ, ರಟ್ಟನ್ನು ನಡುವೆ ಇಟ್ಟು ದಾರ ಜಗ್ಗಿದರೆ ಚೀಲದ ಬಾಯಿ ಮುಚ್ಚಿದಂತೆ ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ. ಗಂಜಿ ಸವರಿ ಇಸ್ತ್ರಿ ಒತ್ತಿ, ತಣ್ಣಗಾದ ಮೇಲೆ ರಟ್ಟು ತೆಗೆದು, ಸೀರೆಗೆ ಫಾಲ್ಸ್ ಹಚ್ಚುವಂಥ ಸಣ್ಣ ಹೊಲಿಗೆಯಲ್ಲಿ ತಳದ ಬಟ್ಟೆಗೆ ಕೂರಿಸಿ.

ಕೈಹೊಲಿಗೆಯಲ್ಲಿ ಬಾಗು ಇನ್ನೂ ಸುಲಭ, ಹೇಳಿದರೆ ಯಾರೂ ನಂಬುವುದಿಲ್ಲ. ಮಿಷನ್ನಿನಲ್ಲಿ ನಾವು ಅಂಚನ್ನು ಹಿಡಿದು ಸಾಗುತ್ತೇವೆ. ಕೈಯಲ್ಲಿ ಹೊಲಿಯುವವರು ಎರಡೂ ತುಂಡಿನ ಉಲ್ಟಾ ಬದಿಗೆ ಪೆನ್ಸಿಲಿನಲ್ಲಿ ಹೊಲಿಗೆಯ ಗೆರೆಯನ್ನೇ ಎಳೆದುಕೊಂಡು, ಈ ಕಡೆಯ ಗೆರೆಯಲ್ಲಿ ಚುಚ್ಚಿದ ಸೂಜಿ ಆ ಕಡೆಯ ಗೆರೆಯಲ್ಲೇ ಹೊರಬರುವಂತೆ ನೋಡಿಕೊಳ್ಳುತ್ತಾರೆ. ಅಂಚಿನ ಗೊಡವೆಯೇ ಅವರಿಗಿಲ್ಲ. ಸಮನಾಗಿರುವ ಎರಡು ಗೆರೆಗಳು ನೇರವಾಗಿ ಕೂಡುತ್ತವೆ. ಮಿಷನ್ನಿನಲ್ಲಿ ಮತ್ತೆ ಮತ್ತೆ ಸೋತವರು ಒಂದೇ ಒಂದು ಬ್ಲಾಕನ್ನು ಹೀಗೆ ಕೈಯಲ್ಲಿ ಹೊಲಿದು ನೋಡಲಿ, ಮೇಲೆ ಹೇಳಿದ ಲೆಕ್ಕವೆಲ್ಲ ಬೆರಳಿಗೆ ಅರ್ಥವಾಗುತ್ತದೆ.

ಅಚ್ಚೇ ಇಲ್ಲದ ಬಾಗು ಮತ್ತೊಂದು ಜಗತ್ತು. ರೋಟರಿ ಕಟರ್ ಬಂದ ಅದೇ 1979ರಲ್ಲಿ ಓಹಾಯೋದ ಅಥೆನ್ಸ್ ಊರಿನಲ್ಲಿ, ಹಿಂದೆ ಹಸು ಕಟ್ಟುತ್ತಿದ್ದ ದೊಡ್ಡ ಕೊಟ್ಟಿಗೆಯೊಂದರಲ್ಲಿ ‘ಕ್ವಿಲ್ಟ್ ನ್ಯಾಷನಲ್’ ಎಂಬ ಪ್ರದರ್ಶನ ಶುರುವಾಯಿತು. ಅದನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ನ್ಯಾನ್ಸಿ ಕ್ರೋ ಮುಂದೆ ಅಚ್ಚು, ಸ್ಕೇಲು ಬಿಟ್ಟು ಬರಿಗೈಯಲ್ಲಿ ಬಟ್ಟೆ ಕತ್ತರಿಸುವ ಕ್ರಮಕ್ಕೆ ಹೆಸರಾದರು. ಅಂಥ ಬಾಗಿನ ಸರಳ ರೂಪ ಹೀಗೆ: ಎರಡು ಬಣ್ಣದ ಬಟ್ಟೆಗಳನ್ನು ಸೀದಾ ಬದಿ ಮೇಲಿರುವಂತೆ ನಾಲ್ಕೈದು ಇಂಚು ಒಂದರ ಮೇಲೊಂದು ಹೊದಿಸಿ, ಎರಡನ್ನೂ ಒಟ್ಟಿಗೆ ಹೊಳೆಯ ತಿರುವಿನಂತೆ ಮೆಲ್ಲಗೆ ಬಾಗಿಸಿ ಕತ್ತರಿಸುವುದು. ಎಡದ ಬಟ್ಟೆಯ ಎಡಭಾಗ, ಬಲದ ಬಟ್ಟೆಯ ಬಲಭಾಗ ಇಟ್ಟುಕೊಂಡು ಉಳಿದ ಚೂರುಗಳನ್ನು ತೆಗೆದುಬಿಟ್ಟರೆ ಒಂದರ ಅಂಚು ಇನ್ನೊಂದಕ್ಕೆ ತದ್ರೂಪವಾಗಿರುತ್ತದೆ. ಇಲ್ಲಿ ಮಾರ್ಜಿನ್ ಬೇರೆಯಾಗಿ ಬಿಟ್ಟಿರುವುದಿಲ್ಲ, ಹೊಲಿದಾಗ ಗೆರೆಗಳು ಪೂರ್ತಿ ಸಮನಾಗುವುದೂ ಇಲ್ಲ. ಆದ್ದರಿಂದ ಬಾಗು ಉದ್ದವಾಗಿ, ಸೌಮ್ಯವಾಗಿ ಇರಬೇಕು. ಇನ್ನೊಂದು ತೊಡಕು, ಇಂಥ ಅಲೆಯಲ್ಲಿ ಒಂದೇ ತುಂಡು ಇಲ್ಲಿ ಉಬ್ಬು, ಮುಂದೆ ನಾಲ್ಕು ಇಂಚಿಗೆ ತಗ್ಗು. ತಗ್ಗು ಮೇಲಿರಲಿ ಎಂಬ ನಿಯಮ ಅರ್ಧ ದಾರಿಗಷ್ಟೇ ನಡೆಯುತ್ತದೆ. ಕತ್ತರಿಸಿದ ಕೂಡಲೇ, ತುಂಡುಗಳು ಇನ್ನೂ ಪಕ್ಕಪಕ್ಕದಲ್ಲಿರುವಾಗಲೇ, ಎರಡರ ಮೇಲೂ ಅಡ್ಡಡ್ಡವಾಗಿ ಎರಡೆರಡು ಇಂಚಿಗೆ ಸೀಮೆಸುಣ್ಣದಲ್ಲಿ ಗೀಟು ಎಳೆಯಿರಿ. ಹೊಲಿಯುವಾಗ ಗೀಟಿಗೆ ಗೀಟು ಕೂಡಿಸುತ್ತಾ ಹೋದರೆ ದಾರಿ ತಪ್ಪುವುದಿಲ್ಲ.

ಇಷ್ಟು ಕೈಗೆ ಹತ್ತಿದವರು ‘ಡಬಲ್ ವೆಡ್ಡಿಂಗ್ ರಿಂಗ್’ಗೆ ಕೈ ಹಾಕಬಹುದು. 1920, 1930ರ ದಶಕಗಳಲ್ಲಿ ಅಮೆರಿಕದ ಮನೆಮನೆಗಳಲ್ಲಿ ಹರಡಿದ, ಉಂಗುರಕ್ಕೆ ಉಂಗುರ ಹೆಣೆದುಕೊಂಡ ವಿನ್ಯಾಸ ಅದು. ಸಣ್ಣ ಸಣ್ಣ ಚೂರುಗಳನ್ನು ನೇರ ಹೊಲಿಗೆಯಲ್ಲಿ ಜೋಡಿಸಿ ಕಮಾನು ಮಾಡಿ, ಆ ಕಮಾನನ್ನು ಕರಬೂಜದ ಹೋಳಿನಾಕಾರದ ತುಂಡಿಗೆ ಬಾಗಿಸಿ ಹೊಲಿಯಬೇಕು. ಲೆಕ್ಕ ಅದೇ, ಸಂಖ್ಯೆ ಮಾತ್ರ ಹೆಚ್ಚು. ಅದರ ಹೊರ ಅಂಚೂ ನೇರವಿರದೆ ಕಮಾನು ಕಮಾನಾಗಿ ಮುಗಿಯುತ್ತದೆ. ಅದಕ್ಕೆ ಪಟ್ಟಿ ಕಟ್ಟುವಾಗ ರವಿಕೆಯ ಕುತ್ತಿಗೆಗೆ ಮಾಡುವಂತೆ ಕ್ರಾಸಿನಲ್ಲೇ ಕತ್ತರಿಸಿದ ಪಟ್ಟಿ ಬೇಕು. ಎರಡು ಕಮಾನು ಕೂಡುವ ಒಳಮೂಲೆಗೆ ಬಂದಾಗ ಸೂಜಿ ಇಳಿಸಿ ನಿಲ್ಲಿಸಿ, ಕ್ವಿಲ್ಟಿನ ಅಂಚಿಗೆ ಅಲ್ಲೊಂದೇ ಒಂದು ಸಣ್ಣ ಕಚ್ಚು ಹಾಕಿ, ಪಟ್ಟಿಯನ್ನು ಜಗ್ಗದೆ ತಿರುಗಿಸಿ ಮುಂದಿನ ಕಮಾನಿಗೆ ಹೊರಡಿ.